ಮೊಂಡಿಯ ಗಂಟಲು

ಇಲಾರಿಯಾ ಚಂಬಿಲ್ಯಾ ಲಾರಿ ಓಡಿಸುವಾಗ ರೇಡಿಯೋ ಹಾಕುವುದಿಲ್ಲ. ಪಕ್ಕದಲ್ಲಿ ಕೂತವರು ಮಾತು ತೆಗೆದರೆ "ಹ್ಞೂಂ" ಅನ್ನುತ್ತಾಳೆ, ಅಷ್ಟೇ. ಕಿವಿಯೆಲ್ಲ ಎಂಜಿನ್ನಿನ ಕಡೆಗೆ. ಮದುವೆಯಾದ ಹೊಸತರಲ್ಲಿ ಲಾರಿ ಓಡಿಸುತ್ತಿದ್ದವನು ಅವಳ ಗಂಡ ಅಂಬ್ರೋಸಿಯೋ. ಇವಳು ಹಿಂದೆ ಆಲೂಗಡ್ಡೆ ಮೂಟೆಗಳ ಮೇಲೆ ಕೂತಿದ್ದು, ಏರಿನಲ್ಲಿ ಲಾರಿ ಸೋತಾಗ ಜಿಗಿದಿಳಿದು ಚಕ್ರಕ್ಕೆ ಕಲ್ಲು ಕೊಡುತ್ತಿದ್ದಳು. ಯಾವಾಗ ಜಿಗಿಯಬೇಕು ಎಂದು ಹೇಳುವವರಿಲ್ಲ. ಸದ್ದು ಕೇಳಿಯೇ ತಿಳಿಯಬೇಕು. ತಡವಾದರೆ ಲಾರಿ ಪ್ರಪಾತದ ಕಡೆಗೆ ಜಾರುತ್ತದೆ. ಹಾಗೆ ಪಳಗಿದ ಕಿವಿ ಅದು. ಅಂಬ್ರೋಸಿಯೋನ ಕಣ್ಣಿಗೆ ಪೊರೆ ಕವಿದು ದಾರಿ ಮಸುಕಾದಾಗ, ಒಂದು ಬೆಳಿಗ್ಗೆ ಅವನು ಬೀಗದ ಕೈಯನ್ನು ಹೆಂಡತಿಯ ಅಂಗೈಗೆ ಹಾಕಿದ. "ಅವಳ ಮಾತು ನನಗಿಂತ ನಿನಗೇ ಚೆನ್ನಾಗಿ ಗೊತ್ತಾಗುತ್ತೆ. ಇನ್ಮೇಲೆ ನೀನೇ ನಡೆಸು" ಅಂದ. ಈಗ ಅವನು ಬಾಗಿಲಲ್ಲಿ ಕೂತು ಉಣ್ಣೆ ನೂಲುತ್ತಾನೆ, ಇವಳು ಬೆಟ್ಟ ದಾಟುತ್ತಾಳೆ.

'ಅವಳು' ಅಂದರೆ ಲಾರಿ. ಹಣೆಯ ಮೇಲೆ ದೊಡ್ಡ ಕೆಂಪು ಅಕ್ಷರಗಳಲ್ಲಿ 'ಮೊಂಡಿ' ಎಂದು ಬರೆದಿದೆ. ಹಿಂದಿನ ಹಲಗೆಯ ಮೇಲೆ 'ಹೊಟ್ಟೆಕಿಚ್ಚು ಬಿಡು, ದುಡಿ' ಎಂದಿದೆ. ಸರೋವರದ ದಡದ ನಮ್ಮ ಊರು ಕೋತಪಾತದಲ್ಲಿ ಮೊಂಡಿಗಿಂತ ಹಳೆಯ ಲಾರಿ ಇನ್ನೊಂದಿಲ್ಲ. ಆದರೂ ಮೀನುಮರಿ ತರುವ ಪ್ರಶ್ನೆ ಬಂದಾಗ ಇಲಾರಿಯಾಳೇ ಎದ್ದು ನಿಂತಳು.

ಆ ಮೀನಿನ ಕತೆ ಹೀಗೆ. ಊರ ಸಭೆಯವರು ಸರೋವರದ ಒಂದು ಪುಟ್ಟ ಕೊಲ್ಲಿಯನ್ನು ನಮ್ಮ ಹೆಂಗಸರ ಸಂಘಕ್ಕೆ ಬಿಟ್ಟುಕೊಟ್ಟಿದ್ದರು, ಬಲೆಯ ತೊಟ್ಟಿಲು ಕಟ್ಟಿ ಟ್ರೌಟ್ ಮೀನು ಸಾಕಿಕೊಳ್ಳಿ ಎಂದು. ಮೊದಲ ಸಲ ಬಾಡಿಗೆ ವ್ಯಾನಿನಲ್ಲಿ ತಂದ ಮರಿಗಳು ದಾರಿಯಲ್ಲೇ ಸತ್ತವು. ಡ್ರೈವರು ನಡುವೆ ಬಂಡಿ ನಿಲ್ಲಿಸಿ ಹೊಟ್ಟೆತುಂಬ ಸೂಪು ಕುಡಿದು ನಿದ್ದೆ ತೆಗೆದಿದ್ದ. ಆಗಲೇ ಗಂಡಸರು ಗೊಣಗಲು ಶುರುಮಾಡಿದರು. ಆ ಕೊಲ್ಲಿಯಲ್ಲಿ ಒಳ್ಳೆಯ ಜೊಂಡು ಬೆಳೆಯುತ್ತದೆ, ದನಕ್ಕೂ ಆಯಿತು, ತೆಪ್ಪಕ್ಕೂ ಆಯಿತು, ಸುಮ್ಮನೆ ಹಾಳಾಗುತ್ತಿದೆ ಎಂದರು. ಊರ ಹಿರಿಯ ಇಸಿದ್ರೋ ತಾತ ಸಭೆಯಲ್ಲಿ ತೀರ್ಮಾನ ಹೇಳಿದ: "ಇನ್ನೊಂದು ಸಲ ನೋಡೋಣ. ಈ ಸಲಾನೂ ಮರಿ ಸತ್ತರೆ ಕೊಲ್ಲಿ ಜೊಂಡಿನೋರಿಗೆ."

ಆಗ ಇಲಾರಿಯಾ ಎದ್ದಳು. ಸಭೆಯಲ್ಲಿ ಅವಳ ಬಾಯಿಂದ ಅಲ್ಲಿಯವರೆಗೆ ಯಾರೂ ಮಾತು ಕೇಳಿರಲಿಲ್ಲ.

"ನಾನು ತರ್ತೀನಿ. ಜೀವಂತವಾಗೇ ತರ್ತೀನಿ."

"ಮೊಂಡಿ ಮೇಲಾ? ಅದರ ಬದ್ಲು ಕತ್ತೆ ಮೇಲೆ ತಾರಮ್ಮ, ಬೇಗ ಬರ್ತೀಯ" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಇಲಾರಿಯಾ ನಗಲೂ ಇಲ್ಲ, ಕೂರಲೂ ಇಲ್ಲ. ನಗು ಮುಗಿಯುವವರೆಗೆ ನಿಂತಿದ್ದು ಆಮೇಲೆ ಹೊರಗೆ ನಡೆದಳು.

ಹೀಗಾಗಿ ಆ ದಿನ ಬೆಳಕು ಹರಿಯುವಷ್ಟರಲ್ಲಿ ನಾವು ಬೆಟ್ಟದ ಆಚೆಯ ಮೀನುಮರಿ ಕೇಂದ್ರದಲ್ಲಿದ್ದೆವು. ದೊಡ್ಡ ದೊಡ್ಡ ಪಾರದರ್ಶಕ ಚೀಲಗಳಲ್ಲಿ ಸ್ವಲ್ಪ ನೀರು, ನೀರಿನ ತುಂಬ ಹುಣಸೆ ಬೀಜದಷ್ಟು ತಲೆಯ ಮರಿಗಳು, ಮೇಲೆ ಉಬ್ಬುವಂತೆ ತುಂಬಿದ ಪ್ರಾಣವಾಯು. ಕೇಂದ್ರದವನು ಚೀಲದ ಬಾಯಿ ಬಿಗಿದು ಹೇಳಿದ: "ಸೂರ್ಯ ನೆತ್ತಿಗೆ ಬರೋದ್ರೊಳಗೆ ನೀರಿಗೆ ಬಿಟ್ಬಿಡಿ ತಾಯಂದಿರಾ. ಚೀಲದ ಗಾಳಿ ಅಲ್ಲೀವರೆಗೇ. ಬಿಸಿಲು ತಾಗಿದ್ರೆ ಇನ್ನೂ ಬೇಗ ಮುಗೀತದೆ. ಆಮೇಲೆ ನನ್ನ ಬೈಬೇಡಿ."

ಲಾರಿಯ ಹಿಂದೆ ಒದ್ದೆ ಗೋಣಿ ಹಾಸಿ ಚೀಲಗಳನ್ನು ಮಲಗಿಸಿ, ಸಂಘದ ಹೆಂಗಸರೆಲ್ಲ ಸುತ್ತ ಕೂತೆವು. ಸಂಘದ ಮುಂದಾಳು ಫೊರ್ತುನಾತಾ ಚೀಲವೊಂದನ್ನು ತೊಡೆಯ ಮೇಲೇ ಇಟ್ಟುಕೊಂಡಳು. ದಾರಿಯುದ್ದಕ್ಕೂ ಅವಳ ಬಾಯಿ ನಿಲ್ಲಲಿಲ್ಲ. ಮೀನು ದೊಡ್ಡದಾದ ಮೇಲೆ ಯಾವ ಸಂತೆಗೆ ಒಯ್ಯಬೇಕು, ಯಾರ ಕೈಲಿ ಹುರಿಸಬೇಕು, ನಕ್ಕ ಗಂಡಸರಿಗೆ ಯಾವ ತುಂಡು ಕೊಡಬೇಕು ಎಂದು ಹೇಳುತ್ತಲೇ ಇದ್ದಳು. "ಬಾಲ ಕಣ್ರೇ, ಬರೀ ಬಾಲ!" ಎಂದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟು ಹುರುಪು ನಮಗೆ.

ಬೆಟ್ಟದ ನೆತ್ತಿ ಕಾಣುತ್ತಿತ್ತು. ಅದನ್ನು ದಾಟಿದರೆ ಸರೋವರದವರೆಗೆ ಬರೀ ಇಳಿಜಾರು. ಆಗಲೇ ಮೊಂಡಿ ಒಮ್ಮೆ ಬಿಕ್ಕಳಿಸಿದಳು. ಇನ್ನೊಮ್ಮೆ ಬಿಕ್ಕಳಿಸಿದಳು. ಆಮೇಲೆ ಮುದುಕಿಯಂತೆ ಕೆಮ್ಮಿ, ಒಂದು ಕಡೆ ಬಂಡೆ, ಒಂದು ಕಡೆ ಪ್ರಪಾತ ಇರುವ ತಿರುವಿನ ನಟ್ಟನಡುವೆ ನಿಂತುಬಿಟ್ಟಳು.

ನಾನು ಜಿಗಿದಿಳಿದು ಚಕ್ರಕ್ಕೆ ಕಲ್ಲು ಕೊಟ್ಟು ಮತ್ತೆ ಮೇಲೇರಿದೆ. ಇಲಾರಿಯಾ ಇಳಿದು ಬಾನೆಟ್ ಎತ್ತಿದಳು.

"ಫಿಲ್ಟರ್ ಕಟ್ಟಿದೆ" ಅಂದಳು. "ಬಂಕಿನಲ್ಲಿ ಡೀಸೆಲ್ ಇರ್ಲಿಲ್ಲ, ದಾರಿಬದಿ ಡ್ರಮ್ಮಿಂದ ಹಾಕಿಸ್ದೆ. ಅದರದ್ದೇ ಕಸ ಇದು. ಹೊಸ ಫಿಲ್ಟರ್ ಸೀಟಿನ ಕೆಳಗಿದೆ. ಈಗ ಹಾಕ್ತೀನಿ. ನೀವು ಮರಿ ನೋಡ್ಕೊಳ್ಳಿ."

ನೋಡನೋಡುತ್ತಲೇ ಹಳೆಯ ಡಬ್ಬಿ ಬಿಚ್ಚಿ ಹೊಸದನ್ನು ತಿರುಗಿಸಿ ಕೂರಿಸಿದಳು. ಅದರ ತಲೆಯ ಮೇಲಿನ ಕೈಪಂಪನ್ನು ಒತ್ತಿ ಒತ್ತಿ ಡೀಸೆಲ್ ಎಳೆಯತೊಡಗಿದಳು. ಏನೂ ಬರಲಿಲ್ಲ. ಇನ್ನಷ್ಟು ಒತ್ತಿದಳು.

"ಗೊಡ್ಡು ಹಸುವಿನ ಕೆಚ್ಚಲು ಹಿಂಡಿದ ಹಾಗಿದೆ. ಫಿಲ್ಟರ್ ಅಲ್ಲ ಇದು. ಗಂಟಲಲ್ಲೇ ಸಿಕ್ಕಿಹಾಕ್ಕೊಂಡಿದೆ" ಎಂದು ಡೀಸೆಲ್ ತೊಟ್ಟಿಯಿಂದ ಫಿಲ್ಟರಿಗೆ ಬರುವ ಕಿರುಬೆರಳು ಗಾತ್ರದ ಕಬ್ಬಿಣದ ಪೈಪನ್ನು ತೋರಿಸಿದಳು. "ಇದನ್ನ ಬಿಚ್ಚಿ ಊದಬೇಕು."

"ಊದು ಮತ್ತೆ!" ಎಂದಳು ಫೊರ್ತುನಾತಾ.

"ಬಿಚ್ಚಿದ್ರೆ ತಾನೆ ಊದೋದು. ಈ ನಟ್ಟು ನಮ್ಮ ಕೈಗೆ ಲಾರಿ ಬಂದಾಗಿಂದ ಯಾರೂ ಮುಟ್ಟಿಲ್ಲ. ಮುಟ್ಟೋ ಅಗತ್ಯಾನೇ ಬಂದಿರ್ಲಿಲ್ಲ."

ಸ್ಪ್ಯಾನರ್ ಹಾಕಿ ಜಗ್ಗಿದಳು. ನಟ್ಟು ಕದಲಲಿಲ್ಲ. ಕಾಲು ಬಂಪರಿಗೆ ಕೊಟ್ಟು ಜಗ್ಗಿದಳು. ಕದಲಲಿಲ್ಲ. ಬಿಸಿಲು ಆಗಲೇ ಚುರುಕಾಗುತ್ತಿತ್ತು. ನಾವು ಶಾಲುಗಳನ್ನು ಬಿಚ್ಚಿ ಚೀಲಗಳ ಮೇಲೆ ಚಪ್ಪರದಂತೆ ಹಿಡಿದೆವು.

ಅಷ್ಟರಲ್ಲಿ ಮೇಲಿಂದ ಹಾರನ್ ಸದ್ದು. ನೆತ್ತಿ ದಾಟಿ ಇಳಿದು ಬಂದದ್ದು ಸೆನೋನನ ನೀಲಿ ಲಾರಿ, ಮೇಲೆ ಗೋಪುರದಂತೆ ಆಲೂಗಡ್ಡೆ. ಪಕ್ಕದ ಹಳ್ಳಿಯವನು ಅವನು. ಬಾಡಿಗೆಗಳಿಗಾಗಿ ಇಲಾರಿಯಾಳ ಜೊತೆ ವರ್ಷಗಳಿಂದ ಪೈಪೋಟಿ. ಮುಂದೆ ಹೋಗಲು ಜಾಗವಿಲ್ಲ. ಆ ಹೊರೆ ಹೊತ್ತು ಹಿಂದಕ್ಕೆ ಏರು ಹತ್ತಲೂ ಸಾಧ್ಯವಿಲ್ಲ. ನಮ್ಮ ಮರಿಗಳನ್ನು ಅವನ ಲಾರಿಗೆ ದಾಟಿಸಿ ಪ್ರಯೋಜನವಿರಲಿಲ್ಲ. ಅವನು ಇಳಿದು ಬಂದು ಟೋಪಿ ಹಿಂದಕ್ಕೆ ತಳ್ಳಿದ.

"ಏನು ಇಲಾರಿಯಕ್ಕಾ, ಅಜ್ಜಿ ಇಲ್ಲೇ ಹೆರಿಗೆಗೆ ಕೂತುಬಿಟ್ಲಾ?"

"ಸೂಲಗಿತ್ತಿ ಬಂದೆಯಲ್ಲ, ಇನ್ನೇನು ಚಿಂತೆ" ಎಂದಳು ಇಲಾರಿಯಾ, ತಲೆ ಎತ್ತದೆ.

ಅವನು ಬಾನೆಟ್ಟಿನೊಳಗೆ ಬಗ್ಗಿ ನೋಡಿದ. "ಅಯ್ಯೋ ಇಷ್ಟೇನಾ? ಬಿಡು ಈ ಕಡೆ. ಇದಕ್ಕೆ ಗಂಡಸಿನ ಕೈ ಬೇಕು."

"ಗಂಡಸಿನ ಕೈ ಬೇಕಾದಾಗ ಕೂಗ್ತೀವಿ ಕಣಯ್ಯ, ಮೂಟೆ ಹೊರೋಕೆ! ಮೀನು ದೊಡ್ಡದಾದ್ರೆ ನಿನಗೂ ಬರೀ ಬಾಲ!" ಎಂದು ಫೊರ್ತುನಾತಾ ಮೇಲಿಂದಲೇ ಗದರಿದಳು. ಆದರೂ ಯಾರೂ ಅವನನ್ನು ತಡೆಯಲಿಲ್ಲ, ಹೊತ್ತು ಹಾಗಿತ್ತು. ಅವನು ತನ್ನ ದೊಡ್ಡ ಸ್ಪ್ಯಾನರ್ ತಂದು, ಅದರ ಹಿಡಿಗೆ ಉದ್ದನೆಯ ಕೊಳವೆ ತೊಡಿಸಿ, ಹಲ್ಲು ಕಚ್ಚಿ ಮೈಭಾರವನ್ನೆಲ್ಲ ಹಾಕಿದ. ಕಿರ್ ಎಂದಿತು. ನಟ್ಟು ತಿರುಗಿತು!

"ಬಂತು! ಬಂತು!" ಎಂದು ನಾವು ಮೇಲೆ ಕೂಗಿದೆವು.

"ನಿಲ್ಸೋ!" ಇಲಾರಿಯಾ ಅವನ ಮೊಣಕೈಗೆ ಜೋತುಬಿದ್ದಳು. "ನಿಲ್ಸು, ಪೈಪೂ ತಿರುಗ್ತಿದೆ!"

ಎಲ್ಲರೂ ಬಗ್ಗಿ ನೋಡಿದೆವು. ನಿಜ. ನಟ್ಟು ತನ್ನೊಳಗಿನ ಪೈಪನ್ನು ಕಚ್ಚಿಕೊಂಡೇ ತಿರುಗಿತ್ತು. ಪೈಪಿನ ಮೈಮೇಲೆ ಹಿಂಡಿದ ಬಟ್ಟೆಯಂತೆ ಸಣ್ಣ ತಿರುಚು ಬಿದ್ದಿತ್ತು. ಇನ್ನೊಂದು ಎಳೆತಕ್ಕೆ ಅದು ಸೀಳಿದರೆ ಈ ಬೆಟ್ಟದ ಮೇಲೆ ಇನ್ನೊಂದು ಪೈಪು ಎಲ್ಲಿಂದ ತರುವುದು? ಸೆನೋನ್ ಮೆಲ್ಲಗೆ ಸ್ಪ್ಯಾನರ್ ತೆಗೆದ. ಹಳೆಯ ಡಬ್ಬಿಯಲ್ಲಿದ್ದ ಡೀಸೆಲನ್ನೇ ನಟ್ಟಿನ ಮೇಲೆ ಸುರಿದು ನೆನೆಯಲು ಬಿಟ್ಟರು. ತುಕ್ಕು ಹಿಡಿದ ನಟ್ಟು ಅದಕ್ಕೆ ಸಡಿಲವಾಗುತ್ತದೆ. ಇದು ಆಗಲಿಲ್ಲ.

ಮೇಲೆ ನನ್ನ ಕೈಯಲ್ಲಿದ್ದ ಚೀಲದಲ್ಲಿ ಮರಿಗಳು ಒಂದೊಂದಾಗಿ ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. ಚೀಲ ಅಲ್ಲಾಡಿಸಿದರೆ ಗಾಳಿ ನೀರಿಗೆ ಬೆರೆಯುತ್ತದೆ ಎಂದು ಕೇಂದ್ರದವನು ಹೇಳಿದ್ದ. ತೊಟ್ಟಿಲು ತೂಗಿದಂತೆ ತೂಗುತ್ತಾ ಕೂತೆ. ಚರ್ಚಿನಲ್ಲಿ ಕಲಿತ ಮರಿಯಮ್ಮ ತಾಯಿಯ ಜಪ ಆ ತೂಗಾಟದ ಲಯಕ್ಕೆ ತಾನೇ ಬರುತ್ತಿತ್ತು. ಇಂಥ ಪುಟ್ಟ ಬಾಯಿಗಳಿಗೂ ಉಸಿರು ಕೊಟ್ಟವಳು ನೀನೇ, ಇನ್ನು ಸ್ವಲ್ಪ ಹೊತ್ತು ಕೊಡು ಎಂದಷ್ಟೇ ಕೇಳಿದೆ.

ಕೆಳಗೆ ಇಲಾರಿಯಾ ತನ್ನ ಗುಂಡುಟೋಪಿಯ ಪಿನ್ನು ಕಿತ್ತು, ನಟ್ಟು ಮತ್ತು ಪೈಪಿನ ಸಂದಿಯನ್ನು ಕೆರೆಯುತ್ತಿದ್ದಳು. ಕಪ್ಪಗೆ ಗಾಜಿನಂತೆ ಗಟ್ಟಿಯಾದದ್ದು ಚೂರುಚೂರಾಗಿ ಬರುತ್ತಿತ್ತು. ಒಂದು ಚೂರಿನಲ್ಲಿ ಏನೋ ಕೆಂಪಗೆ ಹೊಳೆಯಿತು. ಉಗುರಿನ ಮೇಲಿಟ್ಟು ನೋಡಿದಳು. ಗುಂಡಗೆ ಕತ್ತರಿಸಿದ ಕಾಗದದ ಚುಕ್ಕಿ. ಮೂಗಿಗೆ ಹಿಡಿದಳು. ಆಮೇಲೆ ಎಲ್ಲರೂ ನೋಡುತ್ತಿರುವಾಗಲೇ ಆ ಕಪ್ಪು ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡಳು.

"ಸಿಹಿ!" ಎಂದು ಕೂಗಿದಳು. "ಸುಟ್ಟ ಬೆಲ್ಲ ಕಣ್ರೇ ಇದು! ತುಕ್ಕಲ್ಲ!"

ಸೆನೋನ್ ತೊಡೆ ತಟ್ಟಿಕೊಂಡು ನಕ್ಕ. "ನಿನ್ನ ಲಾರಿಗೆ ಸಕ್ಕರೆ ಕಾಯಿಲೆ ಮಾರಾಯ್ತಿ!"

"ಸಕ್ಕರೆ ಕಾಯಿಲೆಯೋರನ್ನ ಆಡ್ಕೊಂಡ್ರೆ ನಾಲಿಗೆ ಸೇದ್ಹೋಗುತ್ತೆ ನೋಡು" ಎಂದಳು ಫೊರ್ತುನಾತಾ. ಅವಳಿಗೆ ಆ ಕಾಯಿಲೆ ಇತ್ತು.

ಇಲಾರಿಯಾಳ ಮುಖ ಮಾತ್ರ ಬಿಳುಪೇರಿತು. ಅದು ಎಲ್ಲಿಂದ ಬಂತು ಎಂದು ಅವಳಿಗೂ ಗೊತ್ತಾಗಿತ್ತು, ನಮಗೂ ಗೊತ್ತಾಗಿತ್ತು. ಕಾರ್ನಿವಾಲ್ ಹಬ್ಬದ ಮಂಗಳವಾರ ನಮ್ಮ ಮನೆ, ಹೊಲ, ಲಾರಿ ಎಲ್ಲಕ್ಕೂ ಚಲ್ಯ ಪೂಜೆ ಮಾಡುತ್ತೇವೆ. ಹೂವಿನ ಎಸಳು, ಬಣ್ಣದ ಕಾಗದದ ಚುಕ್ಕಿ, ಸಕ್ಕರೆ ಮಿಠಾಯಿ ಎರಚಿ, ಬಿಯರು, ಸಿಹಿ ವೈನು ಚಿಮುಕಿಸಿ ಭೂತಾಯಿ ಪಾಚಮಾಮಳಿಗೆ ಕುಡಿಸುತ್ತೇವೆ. ಬೇರೆ ಡ್ರೈವರುಗಳು ಚಕ್ರಕ್ಕೂ ಬಾನೆಟ್ಟಿನ ಮೇಲೂ ಚಿಮುಕಿಸಿ ಕೈಮುಗಿಯುತ್ತಾರೆ. ಇಲಾರಿಯಾ ಬಾನೆಟ್ ಎತ್ತಿ ಎಂಜಿನ್ನಿಗೇ ಎರೆಯುತ್ತಾಳೆ. "ಹಣೆಗೆ ಕುಡಿಸಿದ್ರೆ ಎದೆಗೆ ಹೇಗೆ ಹೋಗುತ್ತೆ?" ಎನ್ನುತ್ತಿದ್ದಳು. ಒಂದು ಬಾಟಲಿ ವೈನು ಪೂರ್ತಿ, ಮೇಲೆ ಒಂದು ಬೊಗಸೆ ಮಿಠಾಯಿ. ಹಾಗೆ ಎರೆದದ್ದನ್ನು ಒರೆಸುವಂತಿಲ್ಲ. ಕಾಗದದ ತೋರಣ ಕೂಡ ತಾನೇ ಬಿದ್ದುಹೋಗುವವರೆಗೆ ಇರಬೇಕು. ಒರೆಸಿದರೆ ಆಶೀರ್ವಾದವನ್ನೇ ಒರೆಸಿದ ಹಾಗೆ. ಹೀಗೆ ವರ್ಷ ವರ್ಷದ ಸಿಹಿ ಆ ನಟ್ಟಿನ ಸಂದಿಗೆ ಇಳಿದು, ಎಂಜಿನ್ನಿನ ಕಾವಿಗೆ ಪಾಕವಾಗಿ, ಬೆಂದು, ಕಲ್ಲಾಗಿ ಕೂತಿತ್ತು. ಸಕ್ಕರೆಯ ಪಾಕಕ್ಕೆ ಡೀಸೆಲ್ ಸುರಿದರೆ ಏನು ಪ್ರಯೋಜನ? ಅದು ಕರಗುವುದು ಬಿಸಿನೀರಿಗೆ.

"ತೊಳಿ ಮತ್ತೆ, ಯಾಕೆ ನಿಂತೆ?" ಎಂದ ಸೆನೋನ್.

ಇಲಾರಿಯಾ ಅಲುಗಲಿಲ್ಲ. "ಇಷ್ಟು ವರ್ಷ ಈ ದಾರೀಲಿ ನನ್ನ ಕಾಪಾಡಿದ್ದು ಇದೇ ಅಲ್ವೇನೋ. ಅಂಬ್ರೋಸಿಯೋನೂ ಒಂದು ಸಲಾನೂ ಒರೆಸಿದೋನಲ್ಲ. ಮುಂದೆ ಇಳಿಜಾರಿದೆ. ಹಿಂದೆ ಇಷ್ಟು ಜನ ಹೆಂಗಸರಿದಾರೆ."

ಅದು ತಮಾಷೆಯ ಮಾತಲ್ಲ ಎಂದು ಸೆನೋನನಿಗೂ ಗೊತ್ತು. ಅವನ ನಗು ನಿಂತಿತು. ಆ ತಿರುವಿನ ಕೆಳಗೆ ಹೂ ಮುಡಿಸಿದ ಕಲ್ಲುಶಿಲುಬೆಗಳಿವೆ. ಅಲ್ಲಿ ಉರುಳಿ ಸತ್ತವರ ಹೆಸರುಗಳನ್ನು ನಾವೆಲ್ಲ ಬಲ್ಲೆವು.

"ಇಲಾರಿಯಾ, ಇಲ್ಲೊಂದು ಮರಿ ಮಗುಚ್ಕೊಳ್ತಾ ಇದೆ" ಎಂದೆ ನಾನು. ಹೇಳದೆ ಇರಲಾಗಲಿಲ್ಲ.

ಅವಳು ಟೋಪಿ ತೆಗೆದು ಬಂಪರಿನ ಮೇಲಿಟ್ಟಳು. ಎಂಜಿನ್ನಿನ ಮೇಲೆ ಅಂಗೈ ಇಟ್ಟು, ಮನೆಯ ಹಿರಿಯರೊಡನೆ ಆಡುವ ದನಿಯಲ್ಲಿ ಹೇಳಿದಳು: "ತಾಯೀ, ನೀನು ಕುಡಿದದ್ದು ನಿನ್ನ ಹೊಟ್ಟೇಲಿದೆ. ಇದು ಬರೀ ಎಂಜಲು ಲೋಟ. ತೊಳೀತೀನಿ, ಬೇಜಾರು ಮಾಡ್ಕೋಬೇಡ." ಆಮೇಲೆ ಥಟ್ಟನೆ ತಿರುಗಿದಳು. "ಬಿಸಿನೀರು! ಯಾರ ಹತ್ರ ಇದೆ? ಬೇಗ!"

ಫ್ಲಾಸ್ಕುಗಳೆಲ್ಲ ಹೊರಬಂದವು. ನನ್ನದರಲ್ಲಿ ನೇರಳೆ ಜೋಳದ ಗಂಜಿ, ಸಕ್ಕರೆ ಹಾಕಿದ್ದು. ಇನ್ನೊಬ್ಬಳದ್ದರಲ್ಲಿ ಚಹಾ, ಅದೂ ಪಾನಕದಂತೆ ಸಿಹಿ. ಆ ಸಂದಿಗೆ ಇನ್ನಷ್ಟು ಸಕ್ಕರೆ ಇಳಿಸುವುದೆ? ಇಲಾರಿಯಾ ಒಂದೊಂದನ್ನೂ ಮೂಸಿ ವಾಪಸು ಕೊಟ್ಟಳು. ಕೊನೆಗೆ ಫೊರ್ತುನಾತಾ ಬಟ್ಟೆಗಂಟಿನಿಂದ ತನ್ನ ಫ್ಲಾಸ್ಕು ತೆಗೆದಳು.

"ನನ್ನದು ಸಪ್ಪೆ ಕಣೇ. ಕೋಕಾ ಎಲೆ ಹಾಕಿದ ಬರೀ ನೀರು. ಡಾಕ್ಟ್ರ ಆಜ್ಞೆ, ನನ್ನ ಕರ್ಮ. ತಗೋ, ಕೊನೆಗೂ ಯಾರಿಗೋ ರುಚಿಸ್ತಲ್ಲ!"

ಇಲಾರಿಯಾ ಶಾಲಿನ ಅಂಚು ಹರಿದು ನಟ್ಟಿಗೆ ಸುತ್ತಿ, ಅದರ ಮೇಲೆ ಬಿಸಿನೀರನ್ನು ತೊಟ್ಟುತೊಟ್ಟಾಗಿ ಬಿಟ್ಟಳು. ಹಿಂಡಿದಳು, ಕಂದು ನೀರು ಇಳಿಯಿತು. ಮತ್ತೆ ಬಿಟ್ಟಳು, ಮತ್ತೆ ಹಿಂಡಿದಳು. ಸಂದಿಯಿಂದ ಜೇನಿನಂಥ ಎಳೆ ಒಸರಿತು. ಎಂಜಿನ್ನಿನ ಸುತ್ತ ಜಾತ್ರೆಯ ಮಿಠಾಯಿ ಅಂಗಡಿಯ ಪರಿಮಳ. ನೀಲಿ ಚುಕ್ಕಿ, ಹಳದಿ ಚುಕ್ಕಿ, ಹಸಿರು ಚುಕ್ಕಿ, ಕಾಗದದ ಹಬ್ಬಗಳೆಲ್ಲ ಒಂದೊಂದಾಗಿ ಹೊರಬಂದವು. ಸಣ್ಣ ಸ್ಪ್ಯಾನರ್ ಹಾಕಿದಳು. ಸೆನೋನ್ ಪೈಪನ್ನು ಎರಡು ಬೆರಳಲ್ಲಿ ಹಿಡಿದುಕೊಂಡ.

"ಪೈಪ್ ತಿರುಗಿದ್ರೆ ಹೇಳು."

"ಇಲ್ಲ... ಇಲ್ಲ... ನಿಂತಿದೆ. ನಟ್ಟು ಮಾತ್ರ ಬರ್ತಿದೆ! ಅಕ್ಕಾ, ಬಿಡ್ಬೇಡ, ಬರ್ತಿದೆ!"

ಬಂತು! ಕೊನೆಯ ಎರಡು ಸುತ್ತನ್ನು ಬರಿಗೈಯಲ್ಲೇ ಬಿಚ್ಚಿದಳು. ಪೈಪಿನ ತುದಿ ಒರೆಸಿ ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ ಊದಿದಳು. ಸೆನೋನ್ ಓಡಿಹೋಗಿ ಡೀಸೆಲ್ ತೊಟ್ಟಿಯ ಮುಚ್ಚಳ ತೆಗೆದು ಕಿವಿ ಕೊಟ್ಟ.

"ಏನೂ ಕೇಳ್ತಿಲ್ಲ!"

ಇನ್ನೊಮ್ಮೆ ಊದಿದಳು. ಕಣ್ಣು ಕೆಂಪಾದವು.

"ಊಹೂಂ, ಇಲ್ಲ!"

ಮೂರನೆಯ ಸಲ ಇಡೀ ಬೆಟ್ಟದ ಗಾಳಿಯನ್ನೇ ಎಳೆದುಕೊಂಡವಳಂತೆ ಎದೆ ತುಂಬಿ ಊದಿದಳು. ತೊಟ್ಟಿಯೊಳಗೆ ಬುಳಕ್ ಎಂದು ಏನೋ ಸಿಡಿಯಿತು, ಗುಳುಗುಳು ಎಂದು ಗುಳ್ಳೆ ಎದ್ದಿತು, ಸೆನೋನನ ಕಿವಿಗೂ ಕೆನ್ನೆಗೂ ಡೀಸೆಲ್ ಚಿಮ್ಮಿತು.

"ಬಂತಾ?" ಎಂದಳು ಇಲಾರಿಯಾ.

"ಕಿವಿಗೇ ಬಂತು!" ಎಂದು ಅವನು ಮುಖ ಒರೆಸಿಕೊಳ್ಳುತ್ತ ಕುಣಿದ. ಮೇಲಿದ್ದ ನಾವು ಚಪ್ಪಾಳೆ ತಟ್ಟುವಂತಿಲ್ಲ, ಕೈತುಂಬ ಮೀನು. ಬಾಯಿಂದಲೇ ಕೇಕೆ ಹಾಕಿದೆವು.

"ಕಸ ಡೀಸೆಲ್ ತೊಟ್ಟಿಗೇ ವಾಪಸು ಬಿತ್ತು" ಎಂದು ಇಲಾರಿಯಾ ನಟ್ಟು ಬಿಗಿಯುತ್ತ ಹೇಳಿದಳು. "ತೊಟ್ಟಿ ನಾಳೆ ತೊಳೀತೀನಿ. ಈಗ ನೆತ್ತಿ ದಾಟಿದ್ರೆ ಸಾಕು."

ಕೈಪಂಪು ಒತ್ತಿದಳು. ಈ ಸಲ ಅದು ತುಂಬಿದ ಕೆಚ್ಚಲಿನಂತೆ ಬಿಗಿಯಾಯಿತು. ಫಿಲ್ಟರಿನ ಮೇಲಿನ ಪುಟ್ಟ ತಿರುಪು ಸಡಿಲಿಸಿದಾಗ ಮೊದಲು ನೊರೆ, ಆಮೇಲೆ ಗುಳ್ಳೆ, ಆಮೇಲೆ ತಿಳಿಯಾದ ಡೀಸೆಲ್. ತಿರುಪು ಮುಚ್ಚಿ ಒಳಗೆ ಹತ್ತಿ ಕೀಲಿ ತಿರುಗಿಸಿದಳು. ಮೊಂಡಿ ಕೆಮ್ಮಿದಳು, ನಡುಗಿದಳು, ಕಪ್ಪು ಹೊಗೆ ಕಾರಿ ಗುಡುಗಿದಳು.

ಈಗ ದಾರಿ. ಎರಡು ಲಾರಿಗೆ ಜಾಗವಿಲ್ಲ. ಸೆನೋನ್ ತನ್ನ ಲಾರಿ ಹತ್ತಿದ. ಒಂದು ಕಡೆಯ ಚಕ್ರಗಳನ್ನು ಬೆಟ್ಟದ ದಿಬ್ಬಕ್ಕೇ ಏರಿಸಿದ. ಲಾರಿ ವಾಲಿತು, ಮೇಲಿನ ಮೂಟೆಗಳು ಜರುಗಿದವು, ನಾವು ಕಿರುಚಿದೆವು. ಒಂದು ಮೂಟೆ ಹರಿದು ಆಲೂಗಡ್ಡೆಗಳು ರಸ್ತೆಯ ತುಂಬ ಉರುಳಿದವು.

"ಹೋಗು! ನೋಡ್ತಾ ಕೂರ್ಬೇಡ, ಹೋಗು!" ಎಂದು ಅವನು ಕಿಟಕಿಯಿಂದ ಅರಚಿದ. "ಮೀನು ದೊಡ್ಡದಾದ್ಮೇಲೆ ನನಗೆ ಬಾಲ ಕೊಟ್ರೆ ನೋಡು ಮತ್ತೆ!"

ಹೊರಗಿನ ಚಕ್ರ ಪ್ರಪಾತದ ಅಂಚಿನ ಜಲ್ಲಿಯನ್ನು ಕೆಳಕ್ಕೆ ಉದುರಿಸುತ್ತಿರುವಾಗ ಇಲಾರಿಯಾ ಕನ್ನಡಿ ಮಡಚಿ, ಬೆರಳು ತೂರುವಷ್ಟೇ ಅಂತರದಲ್ಲಿ ಮೊಂಡಿಯನ್ನು ದಾಟಿಸಿದಳು. ನಾನು ಕಣ್ಣು ಮುಚ್ಚಿದ್ದೆ. ತೆರೆದಾಗ ನೆತ್ತಿ ಹಿಂದಿತ್ತು. ಮುಂದೆ ಅಷ್ಟಗಲ ನೀಲಿ ನೀರು.

ಇಳಿಜಾರಿನಲ್ಲಿ ಅವಳು ಓಡಿಸಿದ್ದನ್ನು ನಾನು ಮರೆಯಲಾರೆ. ಅವಸರವಿತ್ತು, ಆದರೆ ಒಂದು ಚೀಲವೂ ಮೇಲಕ್ಕೆ ಹಾರಲಿಲ್ಲ. ನೆರಳುಗಳು ನಮ್ಮ ಕಾಲಬುಡಕ್ಕೆ ಸರಿಯುತ್ತಿದ್ದವು. ಫೊರ್ತುನಾತಾ ಮಾತು ನಿಲ್ಲಿಸಿ ತೊಡೆಯ ಮೇಲಿನ ಚೀಲದೊಳಕ್ಕೇ ಕಣ್ಣು ನೆಟ್ಟಿದ್ದಳು. "ಉಸಿರಾಡ್ರೋ, ಇನ್ನೊಂಚೂರು ಉಸಿರಾಡ್ರೋ ನನ್ನಪ್ಪಗಳಿರಾ" ಎನ್ನುತ್ತಿದ್ದಳು.

ಕೊಲ್ಲಿಯ ದಡದಲ್ಲಿ ಅರ್ಧ ಊರೇ ನೆರೆದಿತ್ತು. ಜೊಂಡು ಕೊಯ್ಯುವವರು ಆಗಲೇ ತಮ್ಮ ತೆಪ್ಪವನ್ನು ನಮ್ಮ ಬಲೆಯ ತೊಟ್ಟಿಲಿನ ಪಕ್ಕಕ್ಕೇ ತಂದು ಕಟ್ಟಿ, ಕುಡುಗೋಲು ಇಟ್ಟುಕೊಂಡು ಕೂತಿದ್ದರು. ಸೂರ್ಯ ನೆತ್ತಿಯ ಮೇಲೇ ಇದ್ದ. ನಾವು ಲಂಗಗಳನ್ನು ಮೇಲಕ್ಕೆ ಸಿಕ್ಕಿಸಿ, ಚೀಲಗಳನ್ನು ಎದೆಗವಚಿ ಹಿಮದಂಥ ನೀರಿಗಿಳಿದೆವು. ಇಲಾರಿಯಾ ಚಪ್ಪಲಿಯನ್ನೂ ಬಿಚ್ಚಲಿಲ್ಲ.

"ತಕ್ಷಣ ಬಿಡ್ಬೇಡಿ!" ಎಂದು ಫೊರ್ತುನಾತಾ ಕೂಗಿದಳು. "ಚೀಲ ತೇಲಿಸಿ ಮೊದ್ಲು. ನೀರಿನ ತಣ್ಪು ಹೊಂದ್ಕೊಳ್ಲಿ. ಅವಸರ ಮಾಡಿದ್ರೆ ಇಲ್ಲೇ ಸಾಯ್ತವೆ."

ಚೀಲಗಳು ನೀರ ಮೇಲೆ ತೇಲಿದವು. ಕಾಲು ಮರಗಟ್ಟಿದರೂ ಯಾರೂ ಅಲುಗಲಿಲ್ಲ. ಫೊರ್ತುನಾತಾ ತಲೆಯಾಡಿಸಿದಾಗ ಇಲಾರಿಯಾ ಮೊದಲ ಚೀಲದ ಬಾಯಿ ಬಿಚ್ಚಿ ಬಲೆಯೊಳಗೆ ಬಗ್ಗಿಸಿದಳು. ಮರಿಗಳು ಎಲೆಗಳಂತೆ ಸುರಿದವು. ಕೆಲವು ಬದಿಗೆ ವಾಲಿ ಬೆಳ್ಳಗೆ ತೇಲಿದವು. ದಡದಿಂದ ಯಾರೋ "ಹ್ಞಾ, ಹೇಳ್ಲಿಲ್ವಾ" ಎಂದರು.

ಇಲಾರಿಯಾ ಅಂಗೈಯನ್ನು ನೀರೊಳಗಿಟ್ಟು ಮೆಲ್ಲಗೆ ಆಡಿಸಿದಳು. ತೇಲುತ್ತಿದ್ದದ್ದರಲ್ಲಿ ಒಂದು ಬಾಲ ಬಡಿಯಿತು. ಇನ್ನೊಂದು ನೆಟ್ಟಗಾಯಿತು. ಕಣ್ಣುರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಆ ಇಡೀ ಹಿಂಡು ಒಟ್ಟಾಗಿ, ಒಂದೇ ಮನಸ್ಸಿನಂತೆ, ಅಲೆ ಬರುವ ಕಡೆಗೆ ಮುಖ ತಿರುಗಿಸಿತು. ಬಲೆಯ ತುಂಬ ಬೆಳ್ಳಿಯ ಸೂಜಿಗಳು ಮಿಂಚಿದವು.

"ಬದುಕಿದಾವೆ! ಬಂದು ನೋಡ್ರೋ ಬದುಕಿದಾವೆ!" ಫೊರ್ತುನಾತಾ ಅಳುತ್ತಲೇ ಕೂಗಿದಳು. ಒಂದರ ಹಿಂದೊಂದು ಚೀಲ ತೆರೆದೆವು. ಕೆಲವು ಸತ್ತಿದ್ದವು, ಸುಳ್ಳು ಹೇಳಬಾರದು. ಬದುಕಿದವು ನೀರನ್ನೇ ಕಪ್ಪಾಗಿಸಿದವು. ನಾನು ನಿಂತಲ್ಲೇ ಶಿಲುಬೆಯ ಗುರುತು ಹಾಕಿಕೊಂಡೆ.

ಇಸಿದ್ರೋ ತಾತ ಪ್ಯಾಂಟು ಮಡಚಿ ನೀರಿಗಿಳಿದು ಬಂದು, ಬಲೆಯೊಳಕ್ಕೆ ಬಗ್ಗಿ ಬಹಳ ಹೊತ್ತು ನೋಡಿದ.

"ಇಷ್ಟೇ ಇಷ್ಟು ಇವೆಯಲ್ಲಮ್ಮ" ಅಂದ.

"ನೀನೂ ಹುಟ್ಟಿದಾಗ ಅಷ್ಟೇ ಇದ್ದೆ ತಾತಾ" ಎಂದಳು ಫೊರ್ತುನಾತಾ.

ಅವನು ಹಲ್ಲಿಲ್ಲದ ಬಾಯಲ್ಲಿ ನಕ್ಕ. ಆಮೇಲೆ ಜೊಂಡಿನವರ ತೆಪ್ಪದ ಹತ್ತಿರ ಹೋಗಿ, ಅದನ್ನು ಕಟ್ಟಿದ್ದ ಹಗ್ಗ ಬಿಚ್ಚಿದ. ತೆಪ್ಪದ ಮೇಲಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡು ಕುಡುಗೋಲು ಕೆಳಗಿಟ್ಟು ಕೋಲು ಹಿಡಿದರು. ತೆಪ್ಪ ನಿಧಾನವಾಗಿ ತಿರುಗತೊಡಗಿತು. ಇಲಾರಿಯಾ ಸೊಂಟದವರೆಗಿನ ನೀರಲ್ಲಿ ನಡೆದು ಹೋಗಿ, ತನ್ನ ಎರಡೂ ಕೈಗಳಿಂದ ಅದಕ್ಕೆ ಆಚೆಯ ಕಡೆಗೆ ಒಂದು ನೂಕು ಕೊಟ್ಟಳು.